ಮೊದಲು ಹೆಸರು ಕೇಳ್ರಿ

ರೋಣ
೧೮ ಜೂನ್ ೨೦೨೪

ಮೇಧಾ,

ನಿನ್ನ ಪತ್ರ ಬಂತು. ಲಕೋಟೆಯ ಮೇಲಿನ ನರ್ಸಿಂಗ್ ಕಾಲೇಜಿನ ಮುದ್ರೆ ನೋಡಿ ಬಸ್ ಡಿಪೋದವರು ನನಗೆ ಮತ್ತೊಂದು ಮೆಮೋ ಬಂತೆಂದುಕೊಂಡರು. ಒಡೆದು ಓದಿದರೆ ಮೆಮೋನೇ ವಾಸಿ ಅನ್ನಿಸಿತು. "ತಾವು" ಅಂತೆ, "ತಮ್ಮ ಕುಟುಂಬದ ಸಹಭಾಗಿತ್ವ" ಅಂತೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಬುತ್ತಿಯ ರೊಟ್ಟಿ ಕದ್ದು ತಿಂದವಳು ನೀನು. ತಿಂದು, ನಿಮ್ಮ ಮನೆಯಲ್ಲಿ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡವಳು. ಈಗ ನಾನು ತಾವು ಆದೆನೇ?

ನೀನು ಫೋನ್ ಮಾಡಿದಾಗ ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಸುಮ್ಮನಾಗುತ್ತೀಯ, ಕೂಗಿದ್ದೆಲ್ಲ ಗಾಳಿಗೆ ಹೋಗುತ್ತದೆ. ಬರೆದರೆ ನೀನು ಕೂತು ಓದಲೇಬೇಕು.

ವಾರ್ಡುಗಳಲ್ಲಿ ರೋಗಿಗಳಿಗೆ ಆಗುವ ಅನಾಹುತಗಳನ್ನು ತಪ್ಪಿಸುವುದು ಹೇಗೆ ಎಂದು ಸಂಶೋಧನೆ ಮಾಡುತ್ತಿದ್ದೀಯ. ಅದರಲ್ಲಿ ರೋಗಿಗಳೂ ಅವರ ಮನೆಯವರೂ ಸೇರಬೇಕು. ನಾವು ಬಂದರೆ ಒಳ್ಳೆಯದು. ಇಷ್ಟೇ ತಾನೆ ನಿನ್ನ ಪತ್ರ? ನಮಗೆ ಏನಾಯಿತೆಂದು ನೀನು ದವಾಖಾನೆಯ ಕಾಗದಗಳಲ್ಲಿ ಓದಿರುತ್ತೀಯ. ಈಗ ನನ್ನಿಂದ ಕೇಳು.

ಹೋದ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಜ್ವರ ಬಂದು ದಮ್ಮು ಹತ್ತಿತು. ಇಲ್ಲಿಯ, ನೀನು ಈಗ ನಮ್ಮನ್ನು ಕರೆಯುತ್ತಿರುವ ಅದೇ ದವಾಖಾನೆಯ ಗಂಡಸರ ವಾರ್ಡಿಗೆ ಸೇರಿಸಿದೆವು. ಅಲ್ಲಿ ಎದುರುಬದುರು ಎರಡು ಸಾಲು ಕಾಟುಗಳು. ಒಂದು ಸಾಲಿನವರ ತಲೆ ದಕ್ಷಿಣಕ್ಕೆ, ಇನ್ನೊಂದರವರದು ಉತ್ತರಕ್ಕೆ. ಅಪ್ಪನಿಗೆ ಸಿಕ್ಕಿದ್ದು ಉತ್ತರದ್ದು. ಉತ್ತರಕ್ಕೆ ತಲೆಯಿಟ್ಟು ಮಲಗಿಸುವುದು ಯಾರನ್ನು ಎಂದು ನಿನಗೆ ಹೇಳಬೇಕಾಗಿಲ್ಲ, ಅವ್ವನಿಗೆ ಜೀವ ನಿಲ್ಲಲಿಲ್ಲ. ಎದುರು ಸಾಲಿನಲ್ಲಿ ಸೂಡಿಯವರೊಬ್ಬರು, ಸಕ್ಕರೆ ಕಾಯಿಲೆಯವರು. ಅವರಿಗೆ ದಿಕ್ಕಿಗಿಂತ ಫ್ಯಾನು ದೊಡ್ಡದು, ನಮ್ಮ ಕಾಟಿನ ಮೇಲೆ ಫ್ಯಾನಿತ್ತು. ಎರಡೂ ಮನೆಯವರು ಮಾತಾಡಿಕೊಂಡು ಮಧ್ಯಾಹ್ನ ಕಾಟು ಅದಲುಬದಲು ಮಾಡಿಕೊಂಡರು. ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವುದಿಲ್ಲವೇ, ಹಾಗೆ.

ಸಂಜೆ ಸಿಸ್ಟರ್, ಅಪ್ಪ ಈಗ ಮಲಗಿದ್ದ ಕಾಟಿನ ನಂಬರಿಗೆ ಬರೆದಿದ್ದ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಹಿಡಿದು ಬಂದಳು. ಇಡೀ ವಾರ್ಡಿಗೆ ಅವಳೊಬ್ಬಳೇ. "ಪೇಶಂಟ್ ಹೆಸರೇನ್ರಿ?" ಎಂದು ಅವ್ವನನ್ನು ಕೇಳಿದಳು. ಅವ್ವ ಸೆರಗು ಬಾಯಿಗೆ ಹಿಡಿದು, "ನಮ್ಮ ರಾಜರತ್ನನ ಅಪ್ಪಾರ್ರಿ" ಅಂದಳು. ನನ್ನ ತಮ್ಮನ ಹೆಸರು ಹೇಳಿದಳೇ ಹೊರತು ಗಂಡನ ಹೆಸರು ಹೇಳಲಿಲ್ಲ. ಆ ಹೆಸರನ್ನು ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಸಿಸ್ಟರ್‌ಗೆ ನಿಲ್ಲಲು ಹೊತ್ತಿರಲಿಲ್ಲ. ಸೂಜಿ ಮಾಡಿ ಹೋದಳು.

ಅಪ್ಪ ಬೆವೆತ, ತೊದಲಿದ, ಎಚ್ಚರ ತಪ್ಪಿದ. ಗದಗಕ್ಕೆ ಒಯ್ದೆವು. ಬದುಕಿದ, ಆದರೆ ಹೋದ ಅಪ್ಪ ಪೂರ್ತಿ ತಿರುಗಿ ಬರಲಿಲ್ಲ. ಶಿರೋಳದ ಕಣಗಳಲ್ಲಿ ಹಂತಿ ಹಾಡು ಹೇಳಿ ರಾಶಿ ಮಾಡುತ್ತಿದ್ದವನು ಈಗ ನೀರು ಬೇಕೆನ್ನಲು ಮಾತು ಹುಡುಕುತ್ತಾನೆ. ದವಾಖಾನೆಯವರ ವಿಚಾರಣೆ ಮುಗಿದು ಒಂದು ಸಾಲು ಬಂತು. "ರೋಗಿಯ ಸಂಬಂಧಿಕರು ಹೆಸರು ತಿಳಿಸದ ಕಾರಣ ಪ್ರಮಾದ ಸಂಭವಿಸಿದೆ." ಅಲ್ಲಿಯ ಗುಮಾಸ್ತ ಅದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದ. ಅಂದಿನಿಂದ ಅವ್ವ ಯಾವ ದವಾಖಾನೆಯ ಮೆಟ್ಟಿಲನ್ನೂ ಹತ್ತಿಲ್ಲ.

ನಾನು ಕಂಡಕ್ಟರ್. "ಎಲ್ಲಿಗ್ರಿ?" ಎಂದು ಕೇಳುತ್ತೇನೆ. ಉತ್ತರ ತಿಳಿಯದಿದ್ದರೆ ಇನ್ನೊಮ್ಮೆ ಕೇಳುತ್ತೇನೆ. ಇನ್ನೊಮ್ಮೆ ಕೇಳದವರು ಅವರು, ತಪ್ಪು ಮಾತ್ರ ಅವ್ವನದು!

ಬರುವುದಿಲ್ಲ. ನಾನೂ ಇಲ್ಲ, ಅವ್ವನೂ ಇಲ್ಲ.

ಯಶೋಧರಾ


ಗದಗ
೪ ಜುಲೈ ೨೦೨೪

ಪ್ರಿಯ ಯಶು,

ರೊಟ್ಟಿ ಕದ್ದದ್ದು ನಿಜ, ಜೊತೆಗೆ ಗುರೆಳ್ಳು ಹಿಂಡಿಯನ್ನೂ. "ತಾವು" ಎಂದು ಬರೆದದ್ದು ಗೌರವಕ್ಕಲ್ಲ, ಅಂಜಿಕೆಗೆ. ನೀನು ಬೈದ ಮೇಲೆ ಅಂಜಿಕೆ ಹೋಯಿತು.

ನನ್ನ ಸಂಶೋಧನೆ ಹೇಗೆ ಶುರುವಾಯಿತು ಗೊತ್ತೇ? ನನ್ನ ಕೋಣೆಯಲ್ಲಿ ಕೂತು ಚೆಂದದ ಪ್ರಶ್ನೆಗಳನ್ನು ಬರೆದುಕೊಂಡು ರೋಣದ ವಾರ್ಡಿನಲ್ಲಿ ಕಾಟಿನಿಂದ ಕಾಟಿಗೆ ಹೋದೆ. "ಇಲ್ಲಿ ನಿಮಗೆ ಏನಾದರೂ ತೊಂದರೆ ಆಗಿದೆಯೇ?" ಎಲ್ಲರದೂ ಒಂದೇ ಉತ್ತರ, "ಏನಿಲ್ರಿ, ಎಲ್ಲಾ ಚಲೋ ಐತ್ರಿ." ಗಜೇಂದ್ರಗಡದ ಒಬ್ಬ ಮುದುಕರು, ಕಾಶೀಂಸಾಬ ಎಂದು, ಇದ್ದರು. ಸಲೈನ್ ಹಚ್ಚಿದ ಅವರ ಕೈ ಬದನೆಕಾಯಿಯಂತೆ ಬಾತಿತ್ತು. ಅದನ್ನು ಚಾದರದ ಕೆಳಗೆ ಮುಚ್ಚಿಟ್ಟುಕೊಂಡು ಅವರೂ ಚಲೋ ಐತ್ರಿ ಅಂದರು. ಯಾಕೆ ಮುಚ್ಚಿದಿರಿ ಎಂದು ಆಮೇಲೆ ಕೇಳಿದೆ. "ನಾಳಿ ಮತ್ತ ನಿಮ್ಮ ಕೈಯಾಗ ಇರಾವ್ರ ನಾವ, ಯಾಕ ಎದುರು ಹಾಕ್ಕೋಬೇಕ್ರಿ?" ಅಂದರು.

ಅಂದೇ ಆ ಪ್ರಶ್ನೆಗಳನ್ನು ಹರಿದೆ. ಬಿಳಿ ಕೋಟು ಹಾಕಿದವರು ಕೇಳಿದರೆ ನಮ್ಮೂರಿನಲ್ಲಿ ಸತ್ಯ ಹೊರಡುವುದಿಲ್ಲ. ಏನು ಕೇಳಬೇಕು, ಯಾರು ಕೇಳಬೇಕು, ಉತ್ತರ ಬಂದ ಮೇಲೆ ಏನು ಬದಲಾಗಬೇಕು, ಇದನ್ನೆಲ್ಲ ಕಾಟಿನ ಪಕ್ಕ ಕೂತವರೇ ಸೇರಿ ತೀರ್ಮಾನಿಸಬೇಕು. ಬಂದು ಉತ್ತರ ಹೇಳು ಎಂದು ನಿನ್ನನ್ನು ಕರೆಯುತ್ತಿಲ್ಲ ಯಶು, ಬಂದು ಪ್ರಶ್ನೆ ಕೇಳು. ರೋಗಿಗಳ ಮನೆಯವರನ್ನು ಸೇರಿಸಿ ಒಂದು ಗುಂಪು ಮಾಡಿದ್ದೇನೆ, ಅದರಲ್ಲಿ ಹೊಗಳುವವರು ಸಾಕಷ್ಟಿದ್ದಾರೆ. ಜಗಳಗಂಟಿ ಒಬ್ಬಳು ಬೇಕಾಗಿದ್ದಾಳೆ.

ವಿಚಾರಣೆಯ ಆ ಸಾಲು ತಪ್ಪು. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ತಿದ್ದಿಸಲು ಬೆನ್ನು ಹತ್ತುವ ಹಟ ಇದೆ. ಆ ಸಿಸ್ಟರ್ ಕೆಲಸ ಬಿಟ್ಟು ನರಗುಂದದ ತವರಿಗೆ ಹೋದಳು. ಅವಳೊಬ್ಬಳನ್ನು ಬೈದು ಕೈತೊಳೆದುಕೊಂಡರೆ ವಾರ್ಡು ಹೇಗಿತ್ತೋ ಹಾಗೇ ಉಳಿಯುತ್ತದೆ. ಈಗಿನ ಮುಖ್ಯ ಸಿಸ್ಟರ್ ಜಬೀನ ನಮ್ಮ ಕಡೆಯವರು, ಖಡಕ್ ಹೆಂಗಸು. ನಿನಗೂ ಅವರಿಗೂ ಚೆನ್ನಾಗಿ ಹೊಂದುತ್ತದೆ, ಇಲ್ಲವೇ ಹೊಡೆದಾಟವಾಗುತ್ತದೆ.

ಕಾಯುತ್ತೇನೆ.

ನಿನ್ನ,
ಮೇಧಾ


ರೋಣ
೨೯ ಜುಲೈ ೨೦೨೪

ಮೇಧಾ,

ಸಭೆಗೆ ಬಂದೆನಲ್ಲ. ನಿನಗಾಗಿ ಬಂದೆ ಎಂದು ಉಬ್ಬಬೇಡ. ಸಭೆಯಲ್ಲಿ ಎಲ್ಲರೆದುರು ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಅಪ್ಪನಿಗೆ ಹರ್ನಿಯಾ ಆಗಿದೆ. ತೊಡೆಸಂದಿಯಲ್ಲಿ ಗಂಟು ಕಾಣಿಸಿ ತಿಂಗಳುಗಳಾದವು, ಮುಚ್ಚಿಟ್ಟಿದ್ದರು ಇಬ್ಬರೂ. ಆಪರೇಷನ್ ಬೇಗ ಮಾಡಿಸಿ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಎಂದು ಮನೆಗೆ ಬಂದು ನೋಡಿದ ಡಾಕ್ಟರ್ ಹೇಳಿದ್ದಾರೆ. ಅವ್ವ ಒಪ್ಪುವುದಿಲ್ಲ. ಬೇರೆ ಊರಿನ ದವಾಖಾನೆಗೆ ಹೋಗೋಣವೆಂದರೆ, "ಎಲ್ಲಾ ಕಡಿ ಹೆಸರು ಕೇಳತಾರವ್ವ. ನನ್ನ ಬಾಯಿ ಸರಿ ಇಲ್ಲ. ಒಮ್ಮಿ ಅವ್ರನ್ನ ತಿಂದೈತಿ, ಮತ್ತೊಮ್ಮಿ ತಿಂತೈತಿ" ಅನ್ನುತ್ತಾಳೆ. ಅವಳಿಲ್ಲದೆ ಅಪ್ಪ ಹೊಸ್ತಿಲು ದಾಟುವುದಿಲ್ಲ. ನಾನು ಕೂಗಾಡಿದೆ, ಕಣ್ಣೀರೂ ಹಾಕಿದೆ. ಗೋಡೆಗೆ ಹೇಳಿದ ಹಾಗಾಯಿತು.

ಅದಕ್ಕೇ ಬಂದೆ. ಅಪ್ಪನ ಕರುಳು ಸಿಕ್ಕಿಕೊಳ್ಳುವ ಮೊದಲು ಆ ವಾರ್ಡು ಅವ್ವ ನಂಬುವಂಥದ್ದಾಗಬೇಕು. ನಿನ್ನ ಸಂಶೋಧನೆಯಿಂದ ಲೋಕಕ್ಕೆ ಏನಾಗುತ್ತದೋ ಆಗಲಿ, ನನಗೆ ಬೇಕಾದದ್ದು ಇದು.

ಇನ್ನು ನನ್ನ ಜಾಣತನದ ಕಥೆ. ರೋಗಿಯ ಕೈಗೆ ಹೆಸರಿನ ಪಟ್ಟಿ ಕಟ್ಟಿರಿ ಎಂದು ಸಭೆಯಲ್ಲಿ ಮೇಜು ಕುಟ್ಟಿ ಹೇಳಿದವಳು ನಾನೇ ಅಲ್ಲವೇ? ನೀವು ಕಟ್ಟಿದಿರಿ. ನಿನ್ನೆ ಡ್ಯೂಟಿ ಮುಗಿಸಿ ವಾರ್ಡಿಗೆ ಹೋಗಿ ನೋಡಿದೆ. ಕೈಯಲ್ಲಿ ಒಂದಾದರೂ ಇರಬೇಕಲ್ಲ! ಮತ್ತೆ ವಾರ್ಡಿಗೆ ಸೇರಿದ್ದ ಕಾಶೀಂಸಾಬರು ನನ್ನನ್ನು ಕಂಡು, "ತಂಗಿ, ದನದ ಕಿವಿಗೆ ಬಿಲ್ಲಿ ಹೊಡದಂಗ ಹೊಡದಾರ. ನಾ ಏನ್ ಎಮ್ಮಿ ಏನ್?" ಅಂದರು. ಹಾಗಾದರೆ ಪಟ್ಟಿ ಎಲ್ಲಿ ಎಂದೆ. ಜೋಪಾನವಾಗಿ ಬಿಚ್ಚಿ ಕಾಟಿನ ಕಂಬಿಗೆ ಕಟ್ಟಿದ್ದರು. ಅವರನ್ನು ನೋಡಿ ಉಳಿದವರೂ ಕಟ್ಟಿದ್ದರು. ಮತ್ತೆ ಕಾಟಿಗೇ ಹೆಸರು, ಮನುಷ್ಯನಿಗಿಲ್ಲ. ತಿರುಗಿ ಮೊದಲಿನ ಸ್ಟಾಪಿಗೆ ಬಂದು ನಿಂತೆವು.

ನಗಬೇಡ. ಬೇರೆ ಏನಾದರೂ ಯೋಚಿಸು, ಲಗೂ.

ಯಶೋಧರಾ


ಗದಗ
೨೨ ಆಗಸ್ಟ್ ೨೦೨೪

ಪ್ರಿಯ ಯಶು,

ನಕ್ಕೆ, ಕ್ಷಮಿಸು. ಆದರೆ ಕೈಕಟ್ಟಿ ಕೂತಿಲ್ಲ.

ಕಾಟು ಬದಲಾಯಿಸುವವರು ಯಾರು ಎಂದು ನಮ್ಮ ಗುಂಪಿನವರೇ ನೋಡುತ್ತ ಹೋದರು. ಸಿಸ್ಟರ್‌ಗಳು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಎಲೆಅಡಿಕೆ ಹಂಚಿಕೊಳ್ಳುತ್ತ ನಮ್ಮ ಗುಂಪಿನ ಉಡಚವ್ವ ಕೇಳಿದರೆ ಎಲ್ಲ ಹೇಳುತ್ತಾರೆ. ಆಮೇಲೆ ನಾನು ವಾರ್ಡಿನ ನಕ್ಷೆ ಬರೆದು ಗುರುತು ಹಾಕಿದೆ. ನೀನು ಮೊದಲ ಪತ್ರದಲ್ಲೇ ಬರೆದಿದ್ದೆ, ನನಗೆ ಈಗ ಕಣ್ಣಿಗೆ ಹೊಡೆಯಿತು. ಬದಲಾಯಿಸಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ಉತ್ತರದ ಸಾಲಿನವರು! ಅಂದರೆ ಜನರನ್ನು ಗದರಿಸುವ ಬದಲು ಕಾಟುಗಳನ್ನು ತಿರುಗಿಸಿದರೆ ಸಾಕು. ದೊಡ್ಡ ಡಾಕ್ಟರು ರೇಗಿದರು. "ಏನ್ರಿ ಮೇಡಂ, ದವಾಖಾನಿಗೆ ವಾಸ್ತು ನೋಡಸ್ತೀರೇನು?" ಅಂದರು. ಜಬೀನ ಸಿಸ್ಟರ್ ಅಲ್ಲೇ ನಿಂತಿದ್ದವರು, "ಸರ್, ತಲಿ ಪೂರ್ವಕ್ಕಾದ್ರ ಕಾಟ್ ಬದಲಾಗಂಗಿಲ್ಲ. ಕಾಟ್ ಬದಲಾಗಲಿಲ್ಲಂದ್ರ ಸೂಜಿ ಬದಲಾಗಂಗಿಲ್ಲ. ಇದರಾಗ ವಾಸ್ತು ಎಲ್ಲಿ ಬಂತ್ರಿ?" ಅಂದರು. ಈಗ ಎಲ್ಲರ ತಲೆಯೂ ಪೂರ್ವಕ್ಕೆ. ಮಧ್ಯದ ದಾರಿ ಕಿರಿದಾಗಿದೆ ಎಂದು ಕಸಗುಡಿಸುವ ಗೌತಮಿ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.

ಆದರೂ ಇದು ಅರ್ಧ ಕೆಲಸ. ಸೂಜಿ ಮಾಡುವ ಮೊದಲು ಹೆಸರು ಕೇಳಲೇಬೇಕು, ಹೇಳುವ ತನಕ ಮಾಡಬಾರದು ಎಂದು ನಿಯಮ ಮಾಡಿದೆವು. ಎಚ್ಚರವಿದ್ದ ರೋಗಿಗಳು ತಾವೇ ಹೇಳುತ್ತಾರೆ. ಮಂಪರಿನಲ್ಲಿದ್ದವರ ಪಕ್ಕ ಕೂತಿರುವವರು ಹೆಂಡತಿಯರು. "ನಮ್ಮ ಮನಿಯಾವ್ರು", "ನಮ್ಮ ಹುಡುಗನ ಅಪ್ಪ" ಎಂದು ಸೆರಗು ಹಿಡಿದು ನಿಲ್ಲುತ್ತಾರೆ. ಸಿಸ್ಟರ್ ಸೂಜಿ ಹಿಡಿದು ನಿಂತೇ ಇರಬೇಕು. ಈ ಮೂಢನಂಬಿಕೆ ಬಿಡಿಸದೆ ಗತಿಯಿಲ್ಲ. ಒಂದು ಫಲಕ ಬರೆಸಿ ಹಾಕಿಸಿದ್ದೇನೆ. "ಗಂಡನ ಹೆಸರು ಹೇಳಲು ನಾಚಬೇಡಿ, ಇದು ಜೀವದ ಪ್ರಶ್ನೆ." ಹೇಗಿದೆ?

ಮುಂದಿನ ಸಭೆಯನ್ನು ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಇಟ್ಟಿದ್ದೇನೆ. ಅಲ್ಲಿಗೆ ಬರಲು ಒಂದೂ ಮೆಟ್ಟಿಲು ಹತ್ತಬೇಕಾಗಿಲ್ಲ ಎಂದು ಅವ್ವನಿಗೆ ಹೇಳು.

ನಿನ್ನ,
ಮೇಧಾ


ರೋಣ
೧೫ ಸೆಪ್ಟೆಂಬರ್ ೨೦೨೪

ಮೇಧಾ,

ಮೊದಲು ಆ ಫಲಕ ಕಿತ್ತು ಹಾಕಿಸು. ಗೋಡೆಯ ಮೇಲಿನಿಂದ ಬೈದರೆ ನಾಚಿಕೆ ಹೋಗುತ್ತದೆಂದು ನಿನಗೆ ಯಾವ ಕಾಲೇಜಿನಲ್ಲಿ ಕಲಿಸಿದರು? ಮೂಢನಂಬಿಕೆಯಂತೆ! ನಿಮ್ಮ ಅಮ್ಮ ಸಾವಿತ್ರಿಬಾಯಿಯವರು ನಿಮ್ಮಪ್ಪನನ್ನು ಪ್ರಹ್ಲಾದ ಎಂದು ಕರೆದದ್ದು ಕೇಳಿದ್ದೀಯೇನು? ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಾನೇ ನೋಡಿದ್ದೇನೆ, ಪೋಸ್ಟ್‌ಮನ್ ಹೆಸರು ಕೇಳಿದರೆ ಬಾಗಿಲ ಮೇಲಿನ ಬೋರ್ಡು ತೋರಿಸುತ್ತಿದ್ದರು. ಬಿ.ಎ. ಓದಿದವರು ಅವರು. ಅಂಥವರಿಗೇ ಬಾರದ್ದು ನಮ್ಮವ್ವನಿಗೆ ಫಲಕ ಓದಿ ಬಂದುಬಿಡಬೇಕೇ? ಓದಲು ಬರುವುದಿಲ್ಲ ಬೇರೆ.

ಬೈದು ಮುಗಿಯಿತು. ಈಗ ನಿನ್ನೆಯ ಸಭೆಯ ಮಾತು. ನಿನ್ನನ್ನು ದೊಡ್ಡ ಡಾಕ್ಟರು ಒಳಗೆ ಕರೆದುಕೊಂಡು ಹೋದ ಮೇಲೆ ಆದದ್ದು, ನೀನು ನೋಡಲಿಲ್ಲ.

ಅವ್ವ ಬಂದಿದ್ದಳು, ನೀನು ಕಂಡೆಯಲ್ಲ, ಗೇಟಿನ ಕಡೆ ಮುಖ ಮಾಡಿ ಕೂತಿದ್ದಳು, ಓಡಿಹೋಗಲು ಅನುಕೂಲವಾಗಲಿ ಎಂದು. ಜಬೀನ ಸಿಸ್ಟರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಹೇಳುವುದನ್ನು ರೂಢಿ ಮಾಡಿಸುತ್ತಿದ್ದರು. ಹೆಂಗಸರು ನಕ್ಕು ನಕ್ಕು ಒಬ್ಬರ ಬೆನ್ನ ಹಿಂದೆ ಒಬ್ಬರು ಅವಿತುಕೊಂಡರು. ಒಂದು ಹೆಸರೂ ಹೊರಡಲಿಲ್ಲ. ಸಿಸ್ಟರ್‌ಗೆ ಸಿಟ್ಟು ಬಂತು. "ಏನ್ರವ್ವಾ, ಲಗ್ನದಾಗ ಹೊಸ್ತಿಲ ಮ್ಯಾಲ ನಿಂತು ಎಲ್ಲಾರ ಮುಂದ ಹೇಳತೀರಿ, ಇಲ್ಲಿ ಜೀವ ಹೋಗೂ ಮುಂದ ನಾಚಿಕಿ ಬರತೈತೇನು?" ಅಂದರು.

"ಲಗ್ನದಾಗ ಹೇಳೂದು ಒಡಪಿನಾಗ್ರಿ ಬಾಯಾರ," ಅಂದಳು ಉಡಚವ್ವ. "ಬರೇ ಹೆಸರು ಹೇಳಬಾರದು. ಪ್ರಾಸ ಕಟ್ಟಿ ಒಡಪಿನಾಗ ಹೇಳಿದ್ರ ನಡೀತೈತಿ."

"ಹಂಗಾರ ಒಡಪಿನಾಗ ಹೇಳ್ರಲಾ, ಯಾರು ಬ್ಯಾಡ ಅಂದಾರ?"

ಉಡಚವ್ವ ಎದ್ದು ಸೀರೆ ಕೊಡವಿ, ಸೊಂಟದ ಮೇಲೆ ಕೈಯಿಟ್ಟಳು.

"ರೋಣದ ಸಂತ್ಯಾಗ ಕೊಂಡ ತಂದೀನಿ ಬ್ಯಾಡಗಿ ಮೆಣಸಿನಕಾಯಿ,
ಫಕೀರಪ್ಪ ಬೈಯಾಕ ಬಂದ್ರ ಮುಚ್ಚಸತೀನಿ ಬಾಯಿ!"

ಬೇವಿನ ಮರದ ಕೆಳಗೆ ನಗುವೋ ನಗು. ಮಾತ್ರೆ ತೆಗೆದುಕೊಳ್ಳಲು ಬಂದ ಫಕೀರಪ್ಪನೇ ಅಲ್ಲಿ ನಿಂತಿದ್ದ, ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡು ಗೇಟಿನಾಚೆ ನಡೆದುಬಿಟ್ಟ. ಒಬ್ಬಳು ಶುರು ಮಾಡಿದ ಮೇಲೆ ಉಳಿದವರನ್ನು ಹಿಡಿಯುವವರು ಯಾರು? ಒಬ್ಬರ ಮೇಲೆ ಒಬ್ಬರು ಹೇಳಿದರು. ಜಬೀನ ಸಿಸ್ಟರ್ ಕೂಡ ತಮ್ಮ ಯಜಮಾನರ ಮೇಲೆ ಒಂದು ಕಟ್ಟಿದರು, ಪ್ರಾಸ ಕುಂಟಿತು, ಇರಲಿ.

ಅವ್ವ ಹೇಳಲಿಲ್ಲ. ನಗಲೂ ಇಲ್ಲ. ಆದರೆ ಗೇಟಿನ ಕಡೆ ಇದ್ದ ಮುಖ ಈ ಕಡೆ ತಿರುಗಿತ್ತು.

ರಾತ್ರಿ ಮನೆಯಲ್ಲಿ ತಾನಾಗಿಯೇ ಅಂದಳು, "ನನಗೂ ನಿಲ್ಲಿಸಿದ್ರು ಹೊಸ್ತಿಲದಾಗ. ಹೇಳಿದ್ನಿ. ಬಾಜಾದ ಸಪ್ಪಳದಾಗ ಯಾರಿಗೂ ಕೇಳಲಿಲ್ಲ. ಅವ್ರಿಗೂ ಕೇಳಲಿಲ್ಲ."

"ಏನಂತ ಹೇಳೀದಿ ಬೇ?"

"ಕಿಟಕಿ ಮುಚ್ಚ. ಗಾಳಿ ಬರಾಕತ್ತೈತಿ" ಅಂದಳು.

ಅಪ್ಪನಿಗೆ ನೋವು 'ಆಗಾಗ' ಇದ್ದದ್ದು ಈಗ 'ದಿನಾ' ಆಗಿದೆ.

ಯಶೋಧರಾ


ಗದಗ
೨೦ ಅಕ್ಟೋಬರ್ ೨೦೨೪

ಪ್ರಿಯ ಯಶು,

ಹೋದ ತಿಂಗಳ ಕೊನೆಗೆ ಬರೆದ ಪತ್ರಕ್ಕೆ ನಿನ್ನ ಉತ್ತರ ಬಂದಿಲ್ಲ. ನಿಮ್ಮಪ್ಪನ ಸುದ್ದಿ ತಿಳಿಯದೆ ನನಗೆ ಸಮಾಧಾನವಿಲ್ಲ.

ಫಲಕ ತೆಗೆಸಿದೆ. ಈಗ ಸಿಸ್ಟರ್‌ಗಳು, "ಹೆಸರು ಹೇಳ್ರಿ, ಒಡಪಿನಾಗ ಹೇಳಿದ್ರೂ ನಡೀತೈತಿ" ಎನ್ನುತ್ತಾರೆ. ಎಲ್ಲ ಸಲವೂ ನಡೆಯುವುದಿಲ್ಲ. ಗಂಡ ನರಳುತ್ತಿರುವಾಗ ಒಡಪು ಹೇಳುವ ಮನಸ್ಸು ಯಾರಿಗಿರುತ್ತದೆ? ಒಬ್ಬ ಹೆಂಗಸು ಅತ್ತುಬಿಟ್ಟಳು. ಅಂಥ ಕಡೆ ಮಕ್ಕಳನ್ನೋ ಪಕ್ಕದ ಕಾಟಿನವರನ್ನೋ ಕರೆದು ಕೇಳುತ್ತಾರೆ. ಮುಖ್ಯವಾದದ್ದೆಂದರೆ ಸುಮ್ಮನಿದ್ದವರನ್ನು ದಾಟಿ ಸೂಜಿ ಹೋಗುತ್ತಿಲ್ಲ, ನಿಲ್ಲುತ್ತಿದೆ. ಆದರೆ ಹೊಸದಾಗಿ ಬಂದ ಸಿಸ್ಟರ್‌ಗಳು ಒಮ್ಮೊಮ್ಮೆ ಅವಸರದಲ್ಲಿ ಮರೆಯುತ್ತಾರೆ. ಅದನ್ನು ಏನು ಮಾಡುವುದೆಂದು ನನಗೆ ಇನ್ನೂ ಹೊಳೆದಿಲ್ಲ.

ವಿಚಾರಣೆಯ ಸಾಲಿನ ಬಗ್ಗೆ ಆಡಳಿತದವರು, ಬರೆದದ್ದು ಬರೆದಾಯಿತು, ಅಳಿಸಲು ಬರುವುದಿಲ್ಲ ಎಂದರು. ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ. ಅದರ ಮುಂದಿನ ಸಭೆಯಲ್ಲೂ ಎತ್ತುತ್ತೇನೆ.

ರೋಣದ ನಮ್ಮ ಮನೆಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಡಿಗೆಮನೆಯಿಂದಲೇ ತಮ್ಮ ಲಗ್ನದ ಒಡಪು ಹೇಳಿಬಿಟ್ಟರು, ಅಪ್ಪನ ಹೆಸರು ಸಮೇತ! ಅಪ್ಪ ಪೇಪರಿನ ಹಿಂದಿನಿಂದ ಮುಖ ಹೊರಗೆ ಹಾಕಲೇ ಇಲ್ಲ. ಆಮೇಲೆ ಅಮ್ಮ, "ಯಶೋಧರಾ ಬಂದ್ರ ಕಟ್ಟಿ ಮ್ಯಾಲ ಕೂಡೋದು ಬ್ಯಾಡ, ಒಳಗ ಬರಲಿಕ್ಕೆ ಹೇಳು" ಅಂದರು. ಅವರಾಗಿಯೇ ಹೇಳಿದ್ದು, ನಾನು ಹೇಳಿಸಿದ್ದಲ್ಲ.

ಪತ್ರ ಬರೆ. ಬೈದಾದರೂ ಬರೆ.

ನಿನ್ನ,
ಮೇಧಾ


ರೋಣ
೧೯ ನವೆಂಬರ್ ೨೦೨೪

ಮೇಧಾ,

ಉತ್ತರ ಬರೆಯಲಿಲ್ಲ, ಏಕೆಂದರೆ ಬರೆಯಲು ಇದ್ದದ್ದು ಅಪ್ಪನ ನೋವೊಂದೇ. ಈಗ ಬರೆಯುತ್ತೇನೆ, ಕೂತುಕೊಂಡು ಓದು.

ಮೊದಲು ಅವ್ವನ ಅಪ್ಪಣೆ. ಆ ಸಾಲು ಅಳಿಸುವುದು ಬೇಡವಂತೆ. "ನಾ ಹೆಸರು ಹೇಳಲಿಲ್ಲ, ಅದು ಖರೇ ಐತಿ. ಅದರ ಕೆಳಗ 'ನಾವೂ ಮತ್ತ ಕೇಳಲಿಲ್ಲ' ಅಂತ ಬರೀಲಿ. ಅದೂ ಖರೇ ಐತಿ" ಅನ್ನುತ್ತಾಳೆ. ಬರೆಸುವ ಕೆಲಸ ನಿನ್ನದು. ಅಳಿಸಲು ಬರದಿದ್ದರೆ ಸೇರಿಸಲಾದರೂ ಬರುತ್ತದಲ್ಲ?

ಹೋದ ಬುಧವಾರ ನಾನು ಗಜೇಂದ್ರಗಡದ ಟ್ರಿಪ್ಪಿನಲ್ಲಿದ್ದೆ. ಸೂಡಿ ದಾಟುವಾಗ ಅವ್ವನ ಫೋನು. "ಗಾಬರಿ ಆಗಬ್ಯಾಡ. ಅವ್ರಿಗೆ ಹೊಟ್ಟಿ ಬಿಗದು ವಾಂತಿ ಹತ್ತಿತ್ತು. ನಾವು ದವಾಖಾನ್ಯಾಗ ಅದೀವಿ" ಅಂದಳು.

"ಯಾವ ದವಾಖಾನಿ ಬೇ?"

"ಯಾವ್ದಂದ್ರ? ನಮ್ದ" ಅಂದಳು.

ನಮ್ದ! ಬಸ್ಸು ತುಂಬ ಜನ, ನಾನು ಕಂಬಿ ಹಿಡಿದು ಅತ್ತೆ. ಯಾರನ್ನೂ ಕೇಳದೆ, ನನಗಾಗಿ ಕಾಯದೆ, ಪಕ್ಕದ ಮನೆಯವರ ಆಟೋ ಹತ್ತಿಸಿಕೊಂಡು, ಅಪ್ಪನ ತೋಳು ಹಿಡಿದು ಆ ಮೆಟ್ಟಿಲುಗಳನ್ನು ತಾನೇ ಹತ್ತಿದ್ದಾಳೆ. ಕರುಳು ಸಿಕ್ಕಿಕೊಂಡಿತ್ತು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತೆಂದು ಡಾಕ್ಟರ್ ಹೇಳಿದರು. ನಾನು ತಲುಪುವಷ್ಟರಲ್ಲಿ ಆಪರೇಷನ್ ಮುಗಿದಿತ್ತು.

ಮರುದಿನ ಸಂಜೆಯದು ನಿನಗೆ ಹೇಳಬೇಕಾದದ್ದು. ನಾನು ಚಹಾ ತರಲು ಹೋದವಳು ವಾರ್ಡಿನ ಬಾಗಿಲಿಗೆ ವಾಪಸ್ ಬಂದಿದ್ದೆ. ಅಪ್ಪ ಕಣ್ಣುಮುಚ್ಚಿ ಮಲಗಿದ್ದ. ಹೊಸ ಸಿಸ್ಟರ್ ಒಬ್ಬಳು, ಚಿಕ್ಕ ಹುಡುಗಿ, ಸೂಜಿ ಹಿಡಿದು ಬಿರಬಿರನೆ ಬಂದು ಅಪ್ಪನ ತೋಳಿಗೆ ಕೈ ಹಾಕಿದಳು. ಅವ್ವ ಎದ್ದು ಅವಳ ಮಣಿಕಟ್ಟು ಹಿಡಿದುಕೊಂಡಳು.

"ಹೆಸರು ಕೇಳ್ರಿ."

ಹುಡುಗಿ ತಬ್ಬಿಬ್ಬಾದಳು. "ಗೊತ್ತೈತಿ ಬಿಡಬೇ ಅಮ್ಮಾ, ಏಳನೇ ಕಾಟ್."

"ಕಾಟಿಗಿ ಸೂಜಿ ಮಾಡತೀರೇನ್ರಿ? ಮನಷ್ಯಾಗ ಮಾಡತೀರಿ. ಮೊದಲು ಹೆಸರು ಕೇಳ್ರಿ."

 ಎದುರು ಕಾಟಿನವರು ಎದ್ದು ಕೂತರು. ಜಬೀನ ಸಿಸ್ಟರ್ ತಮ್ಮ ಮೇಜಿನಿಂದ ಏಳಲಿಲ್ಲ, ಅಲ್ಲಿಂದಲೇ, "ಕೇಳವ್ವಾ, ಕೇಳು" ಅಂದರು. ಹುಡುಗಿ ಸೂಜಿ ಕೆಳಗಿಟ್ಟು, ನೆಟ್ಟಗೆ ನಿಂತು, ಸಾಲೆಯಲ್ಲಿ ಕೇಳುವ ಹಾಗೆ ಕೇಳಿದಳು, "ಪೇಶಂಟ್ ಹೆಸರೇನ್ರಿ?"

ಅವ್ವನ ಕೈ ಸೆರಗಿಗೆ ಹೋಯಿತು. ಬಾಯಿಗೆ ಹಿಡಿಯುತ್ತಾಳೆ ಎಂದುಕೊಂಡೆ. ಹಿಡಿಯಲಿಲ್ಲ. ತಲೆಯ ಮೇಲೆ ಹೊದ್ದುಕೊಂಡು, ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು.

"ಕಡ್ಲಿ ಹೊಲಕ್ಕ ಮಂಜಿನ ಹನಿ, ಜ್ವಾಳದ ತೆನಿಗಿ ಗಾಳಿ,
ಗ್ಯಾನಪ್ಪ ನನ್ನ ಗಂಡನ ಹೆಸರು, ಗಟ್ಟಿ ಇರಲಿ ತಾಳಿ."

ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು ಮೇಧಾ. ಈ ಸಲ ಬಾಜಾ ಇರಲಿಲ್ಲ.

ಹುಡುಗಿ ಚೀಟಿಯಲ್ಲಿ ಹೆಸರು ನೋಡಿ, "ಗ್ಯಾನಪ್ಪ, ಹೌದ್ರಿ" ಅಂದಳು. ಸೂಜಿ ಅಪ್ಪನದೇ ಆಗಿತ್ತು, ತಪ್ಪಿರಲಿಲ್ಲ. ಇರಲಿ, ಕೇಳಿದಳಲ್ಲ. ಹೊಸ ಸಿಸ್ಟರ್‌ಗಳು ಮರೆತರೆ ಏನು ಮಾಡುವುದೆಂದು ನಿನಗೆ ಹೊಳೆದಿರಲಿಲ್ಲ ಅಲ್ಲವೇ, ಇದನ್ನು ನಿನ್ನ ಸಂಶೋಧನೆಯಲ್ಲಿ ಬರೆದುಕೋ. ಕೇಳದಿದ್ದರೆ ಕೈ ಹಿಡಿಯಿರಿ ಎಂದು ಮನೆಯವರಿಗೆ ಹೇಳಿಕೊಡಬೇಕು, ಹಿಡಿದರೆ ಸಿಟ್ಟಾಗಬಾರದೆಂದು ಸಿಸ್ಟರ್‌ಗಳಿಗೆ ಹೇಳಿಕೊಡಬೇಕು. ಹೇಳಿಕೊಡಲು ಅವ್ವ ಬರುತ್ತಾಳಂತೆ, ಮೆಟ್ಟಿಲು ಹತ್ತಿ.

ನಿಮ್ಮ ಮನೆಯೊಳಗೆ ಬರುವ ವಿಚಾರ ಆಮೇಲೆ ನೋಡೋಣ. ಅದಕ್ಕೆ ಮೊದಲು ನೀನು ನಮ್ಮ ಮನೆಗೆ ಬಾ. ಬಂದು ರೊಟ್ಟಿ ತಿನ್ನು, ಕದಿಯದೆ, ಯಾರಿಂದಲೂ ಆಣೆ ಹಾಕಿಸಿಕೊಳ್ಳದೆ.

ಅಂದಹಾಗೆ, ಸೂಜಿ ಮಾಡಿ ಹುಡುಗಿ ಹೋದ ಮೇಲೆ ನೋಡುತ್ತೇನೆ, ಅಪ್ಪ ಕಣ್ಣುಬಿಟ್ಟಿದ್ದ. ಮಾತಿಗಾಗಿ ಸುಮಾರು ಹೊತ್ತು ತಡಕಾಡಿದ. ನೀರು ಬೇಕೇನೋ ಎಂದು ನಾನು ಲೋಟ ಹಿಡಿದೆ. ಅದನ್ನು ಪಕ್ಕಕ್ಕೆ ಸರಿಸಿ, ಅವ್ವನ ಕಡೆ ನೋಡಿ, ಒಂದೊಂದೇ ಮಾತು ಕೂಡಿಸಿ ಅಂದ, "ಇನ್ನ... ಒಮ್ಮಿ... ಹೇಳ."

ಅವ್ವ ಚಾದರ ಸರಿಮಾಡಿದಳು. "ಸುಮ್ಮನ ಮಕ್ಕೋರಿ. ಮುಂಜಾನಿ ಸೂಜಿಗೆ ಬರತಾರಲಾ, ಆವಾಗ ಹೇಳತೀನಿ" ಅಂದಳು.

ನಿನ್ನ,
ಯಶು